ಮಂಗಳವಾರ ಬಾಗಿಲು ಮುಚ್ಚಿದ ಗುಡ್ಡ

ನಿವೃತ್ತನಾದ ಮೇಲೆ ಹಾನಗಲ್ಲಿನ ನಮ್ಮ ಓಣಿಯವರು ದಿನಾ ಬೆಳಿಗ್ಗೆ ನನ್ನನ್ನು ವಾಕಿಂಗಿಗೆ ಕರೆಯುತ್ತಾರೆ. ನಾನು ಹೋಗುವುದಿಲ್ಲ. ಅರಣ್ಯ ಇಲಾಖೆಗೆ ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ಹೊರಬಂದ ಮನುಷ್ಯ, ಜೀವನವಿಡೀ ಗುಡ್ಡ ತಿರುಗಿದವನು, ಈಗ ಕಟ್ಟೆ ಬಿಟ್ಟು ಏಳುವುದಿಲ್ಲವಲ್ಲ ಎಂದು ಅವರಿಗೆ ಸೋಜಿಗ. ಸಂಬಳಕ್ಕೆ ನಡೆದವನಿಗೆ ಪುಕ್ಕಟೆ ನಡೆಯುವ ಹುರುಪು ಉಳಿಯುವುದಿಲ್ಲ ಎಂದು ನಗೆಯಾಡಿ ಅವರನ್ನು ಕಳಿಸುತ್ತೇನೆ. ಮೊಣಕಾಲು ನೋಯುವುದು ನಿಜ. ಆದರೆ ಅದೊಂದೇ ಕಾರಣವಲ್ಲ.

ಮೊನ್ನೆ ಪಕ್ಕದ ಮನೆಯ ಹುಡುಗಿ ಇದೇ ಕೆಲಸಕ್ಕೆ ಆಯ್ಕೆಯಾದಳು. ಪೇಡೆ ಕೊಡಲು ಬಂದವಳು, ‘ಕಾಕಾರ, ಕೆಲಸ ಹೆಂಗಿರ್ತೈತ್ರಿ? ಬರೇ ಗಿಡ ನೋಡೂದಾ?’ ಎಂದು ಕೇಳಿದಳು. ಹೌದವಾ ಎಂದು ಹೇಳಿ ಕಳಿಸಿದೆ. ಪೇಡೆ ತಿನ್ನುವಾಗ ಯಾರಿಗೂ ಕಹಿ ಮಾತು ಬೇಡ. ಅವಳು ಹೋದ ಮೇಲೆ ಮನಸ್ಸು ಕೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು, ಇದು ಗಿಡ ನೋಡುವ ಕೆಲಸವಲ್ಲ. ಗಿಡ ತನ್ನ ಪಾಡಿಗೆ ತಾನು ಬೆಳೆಯುತ್ತದೆ, ಇಲ್ಲವೇ ಒಣಗುತ್ತದೆ. ನಿನ್ನನ್ನು ಹಣ್ಣು ಮಾಡುವುದು ದಾರಿ. ಯಾರು ಎಲ್ಲಿಂದ ಗುಡ್ಡ ಹತ್ತುತ್ತಾರೆ, ಯಾವ ದಾರಿಯಲ್ಲಿ ಸೌದೆ ಇಳಿಯುತ್ತದೆ, ಯಾವುದರಲ್ಲಿ ಕುರಿ, ಯಾವುದರಲ್ಲಿ ಕುಡಿದವರು. ತರಬೇತಿಯಲ್ಲಿ ನಮಗೆ ಮತ್ತಿ, ದಿಂಡಲ, ತೇಗ ಎಲ್ಲವನ್ನೂ ಎಲೆ ಹಿಡಿದು ತೋರಿಸಿದರು. ದಾರಿ ಎಂಬ ಒಂದು ಪಾಠ ಇರಲಿಲ್ಲ.

ನಮ್ಮ ಸೀಮೆ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಪಡುವಣದ ಘಟ್ಟ ಇಳಿಯುತ್ತಾ ಇಳಿಯುತ್ತಾ ಸುಸ್ತಾಗಿ ಅಲ್ಲಲ್ಲಿ ಕುಳಿತಂತೆ ಸಣ್ಣ ಸಣ್ಣ ಗುಡ್ಡಗಳು. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು, ಮೂರೂ ತಾಲೂಕಿನಲ್ಲಿ ಅವುಗಳನ್ನು ಹತ್ತಿ ಇಳಿದಿದ್ದೇನೆ. ಸವಣೂರಿಗೂ ಒಮ್ಮೆ ವರ್ಗ ಮಾಡಿದ್ದರು. ಅಲ್ಲಿ ಎರೆಭೂಮಿ, ಹತ್ತಲು ಗುಡ್ಡವಿಲ್ಲ. ಕಾಲಿಗೆ ವಿಶ್ರಾಂತಿ ಸಿಕ್ಕಿತು, ಕಿವಿಗೆ ಸಿಗಲಿಲ್ಲ. ರಸ್ತೆ ಬದಿಯ ಒಂದು ಬೇವಿನ ಮರದ ಟೊಂಗೆ ಯಾರ ಅಂಗಡಿಯ ಮೇಲೆ ಬಾಗಿದೆ ಎಂಬ ಜಗಳ ಕೇಳುವುದರಲ್ಲೇ ಅಲ್ಲಿನ ದಿನಗಳು ಕಳೆದವು.

ನಾನು ಸೇರಿದ ಕಾಲದಲ್ಲಿ ಗುಡ್ಡಕ್ಕೆ ಜನ ಬರದಂತೆ ನೋಡಿಕೊಳ್ಳುವುದೇ ಕೆಲಸ. ಕಂದಕ ತೋಡಿಸಬೇಕು, ಜಾಲಿಮುಳ್ಳು ಹಚ್ಚಬೇಕು, ನುಗ್ಗಿದ ದನ ಹಿಡಿದು ದೊಡ್ಡಿಗೆ ಅಟ್ಟಬೇಕು. ಆಮೇಲೆ ಗಾಳಿ ತಿರುಗಿತು. ಜನ ಬರುವಂತೆ ಮಾಡಿರಿ ಎಂದರು. ನಡಿಗೆ ದಾರಿ, ಕಲ್ಲಿನ ಬೆಂಚು, ಮಕ್ಕಳಿಗೆ ಜೋಕಾಲಿ, ಫೋಟೋ ತೆಗೆಸಿಕೊಳ್ಳಲು ಹೃದಯದ ಆಕಾರದ ಕಬ್ಬಿಣದ ಚೌಕಟ್ಟು. ಗೊಟಗೋಡಿಯ ಶಿಲ್ಪ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ, ನಮ್ಮ ಗುಡ್ಡಕ್ಕೆ ಯಾಕೆ ಬರುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ಕೇಳುವರು. ಬೆಳಿಗ್ಗೆ ಓಡಿಸುತ್ತಿದ್ದ ಕೈಯಿಂದಲೇ ಸಂಜೆ ಕೈಬೀಸಿ ಕರೆಯುವ ಕೆಲಸ ನಮ್ಮದಾಯಿತು.

ದಾರಿ ಹಾಕುವುದನ್ನು ಕಲಿತದ್ದೂ ಪೆಟ್ಟು ತಿಂದೇ. ಮೊದಲು ಸುಣ್ಣದ ಪುಡಿ ಚೆಲ್ಲಿ, ಟೇಪು ಹಿಡಿದು ಗುರುತು ಮಾಡುತ್ತಿದ್ದೆವು. ಆಮೇಲೆ ಜಿಪಿಎಸ್ ಬಂತು. ಈಗ ಮೊಬೈಲಿನಲ್ಲಿ ಫೋಟೋ ಹಾಕದಿದ್ದರೆ ನೀನು ಗುಡ್ಡ ಹತ್ತಿಯೇ ಇಲ್ಲ. ಒಬ್ಬ ಸಾಹೇಬರು ಕಂಪ್ಯೂಟರಿನ ಮೇಲೆ ಬುಡದಿಂದ ನೆತ್ತಿಗೆ ನೆಟ್ಟಗೆ ಗೆರೆ ಎಳೆದು ಕಳಿಸಿದರು. ಹಾಗೇ ಹಾಕಿದೆವು. ಮೊದಲ ಮಳೆಗೆ ಅದು ದಾರಿಯಾಗಿ ಉಳಿಯಲಿಲ್ಲ, ಹಳ್ಳವಾಯಿತು. ಮುಂದಿನ ಸಲ ನಾನು ಯಾರಿಗೂ ಹೇಳದೆ ದನಗಳು ತುಳಿದ ಜಾಡಿನ ಮೇಲೇ ಮುರ್ರಂ ಗರಸು ಮಣ್ಣು ಹಾಕಿಸಿದೆ. ದನಕ್ಕೆ ಅವಸರವಿಲ್ಲ, ಸುತ್ತಿ ಸುತ್ತಿ ಹತ್ತುತ್ತದೆ. ಆ ದಾರಿ ಇನ್ನೂ ಇದೆ.

ಹೋಳಿಯ ಕತೆಯನ್ನಂತೂ ಹೇಳಲೇಬೇಕು. ಶಿಗ್ಗಾವಿ ತಾಲೂಕಿನಲ್ಲಿ, ಹಿರೇಬೆಂಡಿಗೇರಿಯ ಆಚೆ, ಒಂದು ಗುಡ್ಡದ ದಾರಿಯುದ್ದಕ್ಕೂ ಕಟ್ಟಿಗೆಯ ಫಲಕ ನೆಡಿಸಿದ್ದೆವು. ತೇಗದ ಕಂಬ, ಮೇಲೆ ಹಲಗೆ, ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ಬಾಣದ ಗುರುತು. ನೋಡಲು ಲಕ್ಷಣವಾಗಿತ್ತು. ಹೋಳಿ ಹುಣ್ಣಿಮೆಯ ಮುಂಚೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಒಂದೂ ಇಲ್ಲ, ಬರೀ ಕುಣಿಗಳು. ಊರೊಳಗೆ ಹೋಗಿ ಹಿರಿಯರೊಬ್ಬರನ್ನು ಹಿಡಿದು ಕೇಳಿದೆ. ಅವರು ಮುಚ್ಚಿಡಲೂ ಇಲ್ಲ.

‘ಕಾಮಣ್ಣನ ಸುಡಾಕ ಕದ್ದ ಕಟಗಿನ ಆಗಬೇಕ್ರಿ ಸಾಹೇಬ್ರ. ಕೇಳಿ ತಂದಿದ್ದು ನಡಿಯೂದಿಲ್ಲ.’

ಮರುವರ್ಷ ನಾನು ಜಾಣನಾದೆ ಎಂದುಕೊಂಡೆ. ಹೊಸ ಫಲಕ ಹಾಕಿಸಿ, ದಾರಿಯ ಬಾಯಲ್ಲೇ ಅಕೇಶಿಯಾದ ಕೊರಡುಗಳನ್ನು ದೊಡ್ಡ ರಾಶಿ ಒಟ್ಟಿಸಿದೆ. ಕದಿಯುವವರು ಇದನ್ನು ಕದ್ದು ಹೋಗಲಿ, ಫಲಕ ಉಳಿಯಲಿ ಎಂದು. ರಾಶಿ ಇದ್ದ ಹಾಗೇ ಇತ್ತು. ಫಲಕಗಳು ಹೋಗಿದ್ದವು. ಅದೇ ಹಿರಿಯರು ನನ್ನ ಮೇಲೆಯೇ ಬೇಸರ ಮಾಡಿಕೊಂಡರು: ‘ಇಟ್ಟಿದ್ದನ್ನ ತಗೊಂಡ್ರ ಅದು ಕಳವು ಹೆಂಗ ಆಗ್ತೈತ್ರಿ?’ ವರದಿಯಲ್ಲಿ ಏನು ಬರೆಯಬೇಕು ಎಂದು ತಿಳಿಯದೆ ಗಾಳಿಮಳೆಗೆ ಬಿದ್ದವು ಎಂದು ಬರೆದೆ. ಆ ತಿಂಗಳಲ್ಲಿ ಮಳೆಯೇ ಬಂದಿರಲಿಲ್ಲ, ಮೇಲಿನವರೂ ಓದಿರಲಿಲ್ಲ. ಆಮೇಲೆ ಕಲ್ಲಿನ ಮೇಲೆ ಬಾಣ ಕೆತ್ತಿಸಿದೆ.

ಹಿರೇಕೆರೂರಿನ ಕಡೆ ಒಮ್ಮೆ ಪೇಟೆಯಿಂದ ಬಂದ ಒಂದು ಗುಂಪು ದಾರಿ ತಪ್ಪಿತು ಎಂದು ಫೋನು ಬಂತು. ಮಧ್ಯಾಹ್ನದ ಬಿಸಿಲಿನಲ್ಲಿ ಗುಡ್ಡವನ್ನೆಲ್ಲ ಸೋಸಿದೆ. ಕಡೆಗೆ ಸಿಕ್ಕರು. ಡಾಂಬರು ರಸ್ತೆಯ ಮಗ್ಗುಲಲ್ಲೇ, ಬಸ್ಸಿನ ಹಾರ್ನು ಕೇಳುವಷ್ಟು ಹತ್ತಿರ, ಮರದ ಕೆಳಗೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು. ‘ಇಷ್ಟ ಹೊತ್ತು ಬೇಕೇನ್ರಿ ಬರಾಕ?’ ಎಂದು ನನ್ನನ್ನೇ ಬೈದರು. ಮಂಡಕ್ಕಿ ಮಾತ್ರ ಕೊಟ್ಟರು. ತಿಂದೆ.

ಇಂಥವನ್ನು ಹೇಳುತ್ತಾ ಹೋದರೆ ನಗು ಬರುತ್ತದೆ. ನಗು ಬಾರದ ಒಂದಿದೆ. ವಾಕಿಂಗ್ ಎಂದು ಯಾರಾದರೂ ಕರೆದಾಗ ನನ್ನ ಕಣ್ಣ ಮುಂದೆ ಬರುವುದು ಅದೇ.

ಕೆಲಸದ ಕಡೆಯ ವರ್ಷಗಳಲ್ಲಿ ನನ್ನನ್ನು ತಿಳವಳ್ಳಿಯ ಕಡೆ ಬಿಳಿಗಲ್ಲಕೊಪ್ಪ ಎಂಬ ಹಳ್ಳಿಗೆ ಹಾಕಿದ್ದರು. ಊರ ಹಿಂದೆ ಒಂದು ಗುಡ್ಡ. ಗುಡ್ಡದ ಬುಡದಲ್ಲಿ ಹುಣಸೆ, ಹೊಂಗೆ, ಒಂದೆರಡು ದೊಡ್ಡ ಆಲ ಇರುವ ಬಯಲು. ದನ ಮೇಯುತ್ತಿದ್ದವು, ಹುಡುಗರು ಆಡುತ್ತಿದ್ದರು, ಕೂಲಿಯಿಂದ ಬರುವ ಹೆಂಗಸರು ಹೊರೆ ಇಳಿಸಿ ಕೂರುತ್ತಿದ್ದರು. ಅದನ್ನು ಉದ್ಯಾನ ಮಾಡಬೇಕೆಂದು ಆಜ್ಞೆಯಾಯಿತು. ಸುತ್ತ ತಂತಿಜಾಳಿಗೆ ಹಾಕಿಸಿದೆವು, ನಡಿಗೆ ದಾರಿ ಮಾಡಿದೆವು, ಮುಂದೆ ಹಸಿರು ಬಣ್ಣದ ದೊಡ್ಡ ಗೇಟು. ಶನಿವಾರ, ಭಾನುವಾರ ಹಾನಗಲ್ಲಿನಿಂದ, ಶಿಗ್ಗಾವಿಯಿಂದ ಕಾರು ಬರತೊಡಗಿದವು. ಚೆನ್ನಾಗಿಯೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ವಾರಕ್ಕೊಂದು ರಜೆ ಬೇಕಲ್ಲ. ಯಾವ ದಿನ ಎಂದು ನಮ್ಮ ರೇಂಜಿನ ಸಾಹೇಬರು ಕೇಳಿದರು. ನಮ್ಮ ಕಡೆ ಮಂಗಳವಾರ ಜನ ಹೊಸ ಕೆಲಸ ಹಿಡಿಯುವುದಿಲ್ಲ, ತಿರುಗಾಟಕ್ಕೂ ಹೊರಡುವುದಿಲ್ಲ. ಹಾಗಾಗಿ ಎಲ್ಲರೂ ಒಪ್ಪಿ ಮಂಗಳವಾರ ಎಂದೆವು. ಗೇಟಿನ ಮೇಲೆ ಬರೆಸಿಯೂ ಆಯಿತು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನಾವು ಅಷ್ಟು ಜನ ಅಲ್ಲಿ ನಿಂತಿದ್ದೆವು. ಒಬ್ಬರಿಗೂ ಹೊರಬೀಡು ನೆನಪಾಗಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗ್ರಾಮದೇವಿಯ ದೊಡ್ಡ ಸೇವೆ ಕೆಲವು ವರ್ಷಕ್ಕೊಮ್ಮೆ ಬರುತ್ತದೆ. ಅದಕ್ಕೆ ಮುಂಚೆ ಕೆಲವು ವಾರ ಊರಿಗೆ ಊರೇ ಹೊರಗೆ ಹೋಗಬೇಕು. ಬಿಳಿಗಲ್ಲಕೊಪ್ಪದಲ್ಲಿ ಅದು ಮೂರು ಮಂಗಳವಾರ. ಸೂರ್ಯ ಹುಟ್ಟುವ ಮೊದಲೇ ಒಲೆ ಆರಿಸಿ, ಮನೆಗೆ ಕೀಲಿ ಹಾಕಿ, ದನಕರು, ಕೋಳಿ, ಕೂಸು, ಮುದುಕರು ಎಲ್ಲರೂ ಹೊರಗೆ. ಊರ ಬಾಗಿಲಾದ ಅಗಸಿಗೆ ಮುಳ್ಳು ಬಡಿಯುತ್ತಾರೆ. ಸಂಜೆ ಪೂಜೆಯಾಗಿ ಹಲಗಿ ಬಾರಿಸುವ ತನಕ ಊರು ದೇವಿಯದು, ಮನುಷ್ಯರದಲ್ಲ. ಯಾರಾದರೂ ಒಳಗೆ ಉಳಿದರೆ ಊರಿಗೆಲ್ಲ ಕೇಡು ಎಂಬ ನಂಬಿಕೆ. ಆಮೇಲೆ ದನ ಸತ್ತರೂ, ಮಳೆ ತಪ್ಪಿದರೂ ಉಳಿದವರ ಕಡೆ ಬೆರಳು ತಿರುಗುತ್ತದೆ.

ಹೊಲ ಇದ್ದವರಿಗೆ ಅದು ಹಬ್ಬ. ಟ್ರ್ಯಾಕ್ಟರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹೇರಿಕೊಂಡು ಹೋಗಿ, ತಮ್ಮ ಹೊಲದಲ್ಲಿ ಶಾಮಿಯಾನ ಹಾಕಿ ಕೂರುತ್ತಾರೆ. ಹೊಲವಿಲ್ಲದವರು ಗುಡ್ಡದ ಬುಡದ ಆ ಬಯಲಿಗೆ ಬರುತ್ತಿದ್ದರು. ಅಂದರೆ, ಬೇಲಿ ಬೀಳುವ ತನಕ ಬರುತ್ತಿದ್ದರು.

ಫಕೀರವ್ವ ಬಂದು ಕೇಳಿದಾಗಲೇ ನನಗೆ ಇದೆಲ್ಲ ಹೊಳೆದದ್ದು. ಊರ ಕಡೆಯ ಸಾಲಿನ ಓಣಿಯ ಹೆಂಗಸು, ಅರವತ್ತು ದಾಟಿರಬಹುದು. ಓಣಿಯ ಹೆಂಗಸರನ್ನು ಕಳೆ ಕೀಳಲು ಕರೆದುಕೊಂಡು ಹೋಗುವವಳು ಅವಳೇ. ಆ ಓಣಿಯ ಒಂದು ಮನೆಗೂ ಗುಂಟೆ ಭೂಮಿಯಿಲ್ಲ. ಗೇಟಿನ ಹೊರಗೆ ನಿಂತು ಬೋರ್ಡಿನ ಕಡೆ ಕೈ ಮಾಡಿದಳು.

‘ಸಾಹೇಬ್ರ, ಮಂಗಳವಾರ ಇದು ತಗಿಯೂದಿಲ್ಲಂತ. ನಾವು ಎಲ್ಲಿ ಕುಂದ್ರೂಣ್ರಿ?’

‘ಯಾರರ ಹೊಲದಾಗ ಕುಂದ್ರಾಕ ಬರೂದಿಲ್ಲೇನವಾ? ಒಂದು ದಿನದ ಮಾತು.’

‘ಇನ್ನೊಬ್ಬರ ಹೊಲದಾಗ ಕುಂತ್ರ ಕುಂತಂಗ ಆಗೂದಿಲ್ರಿ. ಸುಮ್ನ ಕುಂತೀಯಲ್ಲ, ಒಂದೀಟು ಕಸಾ ತಗಿ ಅಂತಾರ. ವರ್ಷಾನಗಟ್ಲೆ ತಗಿಯೂದ ಐತಿ. ಅವತ್ತೊಂದಿನ ದೇವಿನ ಹೇಳ್ಯಾಳ, ಕುಂದರ್ರಿ ಅಂತ.’

ಅವಳು ಕೇಳಿದ್ದು ಅಷ್ಟೇ. ಯಾರದೂ ಅಲ್ಲದ ಒಂದು ನೆರಳಲ್ಲಿ, ಯಾರೂ ಏಳು ಎನ್ನದ ಹಾಗೆ, ಮೂರು ಮಂಗಳವಾರ ಕೂರುವುದು.

ನಾನು ಸಾಹೇಬರ ಬಳಿ ಹೋದೆ. ಅವರು ಮೈಸೂರು ಕಡೆಯವರು, ಕೆಟ್ಟವರಲ್ಲ. ಆದರೆ ಆಗ ಬೆಂಕಿಯ ಕಾಲ. ಬಾದೆ ಹುಲ್ಲು ಎದೆಮಟ್ಟ ಒಣಗಿ ನಿಂತಿತ್ತು.

‘ಸರ, ಮೂರು ದಿನದ ಮಾತ್ರಿ. ಬರೇ ಕುಂದ್ರತಾರ,’ ಎಂದೆ.

‘ಕೂತವರು ಬೀಡಿ ಸೇದಲ್ವೇನ್ರೀ? ಒಲೆ ಹಚ್ಚಲ್ವಾ? ಒಂದು ಕಿಡಿ ಬಿದ್ರೆ ಆ ಅಜ್ಜಿ ಬಂದು ಆರಿಸ್ತಾಳಾ? ರಜೆ ದಿನ ಸಿಬ್ಬಂದಿ ಬೇರೆ ಇರಲ್ಲ. ಇವತ್ತು ಇವರಿಗೆ ತೆಗೆದ್ರೆ ನಾಳೆ ಇನ್ನೊಬ್ಬರು ಬರ್ತಾರೆ.’

ಬೆಂಕಿ ಆರಿಸಿ ಆರಿಸಿ ಹುಬ್ಬು ಸುಟ್ಟುಕೊಂಡವನು ನಾನು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ತಿರುಗಿ ಬಂದೆ.

ಮೊದಲ ಮಂಗಳವಾರ ಫಕೀರವ್ವನ ಓಣಿಯವರು ಬೇಲಿಯ ಹೊರಗೆ ರಸ್ತೆಯ ಬದಿಯಲ್ಲಿ ಸಾಲಾಗಿ ಕುಳಿತರು. ನೆರಳು ಬೇಲಿಯ ಒಳಗಿತ್ತು, ಜನ ಹೊರಗಿದ್ದರು. ಗೋವಿನಜೋಳದ ಲಾರಿ ಹೋದಾಗಲೆಲ್ಲ ಹೆಂಗಸರು ರೊಟ್ಟಿಯ ಬುತ್ತಿಯ ಮೇಲೆ ಸೆರಗು ಮುಚ್ಚುತ್ತಿದ್ದರು. ನಾನು ಊರಾಚೆ ನಾನಿದ್ದ ನರ್ಸರಿಯ ಕ್ವಾರ್ಟರ್ಸಿನಿಂದ ಕೊಡದಲ್ಲಿ ನೀರು ತಂದು ಕೊಟ್ಟೆ. ಬೇರೆ ಏನು ಮಾಡಲಿ? ಫಕೀರವ್ವ ಕುಡಿದು, ‘ನಿಮ್ಮ ಹೊಟ್ಟಿ ತಣ್ಣಗಿರ್ಲಿ’ ಎಂದಳು. ನನಗೆ ತಣ್ಣಗೆನಿಸಲಿಲ್ಲ.

ಎರಡನೆಯ ಮಂಗಳವಾರ ಊರಿನ ಒಬ್ಬ ದೊಡ್ಡ ರೈತ, ಪಾಪ, ಒಳ್ಳೆಯ ಮನಸ್ಸಿನಿಂದಲೇ ತನ್ನ ತೋಟಕ್ಕೆ ಅವರನ್ನು ಕರೆದ. ಮಾವಿನ ಮರದ ಕೆಳಗೆ ಕೂರಿಸಿದ, ಚಹಾ ಕೊಟ್ಟ. ಮಧ್ಯಾಹ್ನ ನಾನು ಆ ದಾರಿಯಲ್ಲಿ ಬಂದಾಗ ಹೆಂಗಸರೆಲ್ಲ ಮೆಣಸಿನ ಗಿಡಗಳ ನಡುವೆ ಬಾಗಿ ಹಣ್ಣುಗಾಯಿ ಬಿಡಿಸುತ್ತಿದ್ದರು. ಫಕೀರವ್ವ ನನ್ನನ್ನು ಕಂಡು ಬೆನ್ನು ನೆಟ್ಟಗೆ ಮಾಡಿ ನಿಂತಳು. ಮತ್ತೆ ಬಾಗಿದಳು.

ಅಂದು ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ನಾಲ್ಕು ದಿನ ಬಿಡದೆ ಸಾಹೇಬರಿಗೆ ಫೋನು ಮಾಡಿದೆ. ನಾನೇ ದಿನವಿಡೀ ಕಾಯುತ್ತೇನೆ ಎಂದೆ, ಒಲೆ ಹಚ್ಚಲು ಬಿಡುವುದಿಲ್ಲ ಎಂದೆ, ನೀರಿನ ಟ್ಯಾಂಕರ್ ತರಿಸುತ್ತೇನೆ ಎಂದೆ. ಮೂರನೆಯ ವಾರದ ಸೋಮವಾರ ಸಂಜೆ ಅವರು ಸೋತರು.

‘ಆಯ್ತು ಮಾರಾಯ್ರೆ, ನಾಳೆ ಒಂದು ದಿನ ತೆಗೀರಿ. ಏನಾದ್ರೂ ಆದ್ರೆ ನಿಮ್ಮ ತಲೆ ಮೇಲೆ.’

ಆಗ ನಾನು ಹಿರೇಕೆರೂರಿನ ಗಡಿಯ ಒಂದು ಗುಡ್ಡದಲ್ಲಿ ಬೆಂಕಿ ಬಡಿದು ಆರಿಸುತ್ತಿದ್ದೆ. ಬಿಳಿಗಲ್ಲಕೊಪ್ಪಕ್ಕೆ ಮರಳಿದಾಗ ಊರು ಮಲಗಿತ್ತು. ಇರಲಿ, ಬೆಳಿಗ್ಗೆ ಹೇಗೂ ಹೊರಗೆ ಬರಲೇಬೇಕು, ಬಂದರೆ ಈ ದಾರಿಯಲ್ಲೇ ಬರಬೇಕು ಎಂದುಕೊಂಡೆ.

ನಸುಕಿನಲ್ಲೇ ಗೇಟಿನ ಎರಡೂ ಬಾಗಿಲು ತೆರೆದು ನಿಂತೆ. ಊರು ಹೊರಟಿತು. ಟ್ರ್ಯಾಕ್ಟರು, ಬಂಡಿ, ಬುಟ್ಟಿಯಲ್ಲಿ ಕೋಳಿ, ಕೊರಳಗಂಟೆ. ಹೊಲಗಳ ಕಡೆ ಎಲ್ಲ ಕರಗಿತು. ಬೆಳಕು ಹರಿಯಿತು, ಅಗಸಿಗೆ ಮುಳ್ಳು ಬಿತ್ತು. ಫಕೀರವ್ವನ ಓಣಿಯವರು ಮಾತ್ರ ಬರಲಿಲ್ಲ. ರಸ್ತೆಯ ಬದಿಯಲ್ಲೂ ಇಲ್ಲ. ಆ ತೋಟದ ಕಡೆ ಬೈಕು ಹೊಡೆದು ನೋಡಿದೆ, ಅಲ್ಲೂ ಇಲ್ಲ. ಬೇರೆ ಊರಿನ ನೆಂಟರ ಮನೆಗೆ ಹೋಗಿರಬೇಕು ಎಂದುಕೊಂಡು ಗುಡ್ಡದ ಕಾಲುದಾರಿ ಹಿಡಿದು ಮರಳಿದೆ. ಆ ದಾರಿ ಅವರ ಓಣಿಯ ಹಿತ್ತಲ ಗೋಡೆಗಳನ್ನು ಒತ್ತಿಕೊಂಡೇ ಹೋಗುತ್ತದೆ.

ಒಂದು ಕೂಸು ಕೆಮ್ಮಿತು.

ನಿಂತೆ. ಗೋಡೆಯ ಆಚೆ ಯಾರೋ ಅದರ ಬಾಯಿಗೆ ಬಟ್ಟೆ ಒತ್ತಿದ ಹಾಗೆ ಕೆಮ್ಮು ಸಣ್ಣಗಾಯಿತು. ಸಂದಿಯಿಂದ ನೋಡಿದರೆ ಮುಂಬಾಗಿಲುಗಳಿಗೆಲ್ಲ ಹೊರಗಿನಿಂದ ಕೀಲಿ ಬಿದ್ದಿತ್ತು. ಕೀಲಿ ಹಾಕಿ, ಹಿತ್ತಲಿನಿಂದ ಒಳಗೆ ಹೋಗಿ ಕುಳಿತಿದ್ದರು. ಇಡೀ ಓಣಿ, ತನ್ನ ಮನೆಗಳಲ್ಲಿ ತಾನೇ ಕಳ್ಳರ ಹಾಗೆ.

ಫಕೀರವ್ವನ ಮನೆಯ ಬೆಳಕಿಂಡಿಯ ಹತ್ತಿರ ಬಾಯಿಟ್ಟು ಮೆಲ್ಲಗೆ ಕರೆದೆ. ‘ಫಕೀರವ್ವ, ನಾನು. ಗೇಟ್ ತಗದೇನಿ. ಪರವಾನಗಿ ಸಿಕ್ಕೈತಿ. ಬರ್ರಿ ಎಲ್ಲಾರೂ.’

ಆಮೇಲೆ ಕಿಂಡಿಯ ಬಳಿಯೇ ಅವಳ ಉಸಿರು ಕೇಳಿಸಿತು.

‘ಈಗ ಹೆಂಗ ಬರೂಣ್ರಿ? ಸುತ್ತ ಹೊಲದಾಗ ಮಂದಿ ಐತಿ. ಹೊರಗ ಕಾಲಿಟ್ರ ಒಳಗ ಇದ್ವಿ ಅನ್ನೂದು ಊರಿಗೆಲ್ಲ ತಿಳೀತೈತಿ. ನಮ್ಮನ್ನ ಉಳಸೂದಿಲ್ಲ.’

‘ಒಳಗ ಯಾಕ ಕುಂತ್ರಿ ಬೇ ಯವ್ವಾ?’

‘ಎಲ್ಲಿ ಕುಂದ್ರಬೇಕಾಗಿತ್ರಿ?’

ಒಳಗೆ ಕತ್ತಲೆ, ಬೇಸಿಗೆಯ ಧಗೆ, ಒಲೆಯಿಲ್ಲ, ದೀಪವಿಲ್ಲ, ಮಾತಿಲ್ಲ. ಹೊರಗೆ ನಾನೊಬ್ಬ.

‘ನೀವು ಹೋಗ್ರಿ ಸಾಹೇಬ್ರ. ಇಲ್ಲಿ ನಿಂತ್ರ ಯಾರರ ನೋಡ್ತಾರ,’ ಎಂದಳು. ನಾನು ಎರಡು ಹೆಜ್ಜೆ ಇಟ್ಟ ಮೇಲೆ ಮತ್ತೆ ಅವಳ ದನಿ ಬಂತು: ‘ಗೇಟ್ ಮಾತ್ರ ಹಾಕಬ್ಯಾಡ್ರಿ.’

ಯಾಕೆ ಎಂದು ಕೇಳಲಿಲ್ಲ. ಬಂದು ಆಲದ ಕೆಳಗೆ ಕುಳಿತೆ. ತರಿಸಿದ್ದ ನೀರಿನ ಟ್ಯಾಂಕರ್ ನೆರಳಿನಲ್ಲಿ ನಿಂತಿತ್ತು. ಅಷ್ಟು ದೊಡ್ಡ ಬಯಲು, ಅಷ್ಟೊಂದು ನೆರಳು, ಒಂದೇ ಒಂದು ಮಂಗಳವಾರ ತೆರೆದ ಗೇಟು. ದಿನವಿಡೀ ನಾನೊಬ್ಬನೇ ಕುಳಿತೆ. ರೊಟ್ಟಿ ಬಿಚ್ಚಿದೆ, ಮತ್ತೆ ಕಟ್ಟಿಟ್ಟೆ. ಕೆಲಸದಲ್ಲಿ ನಾನು ಎಷ್ಟೋ ಸಲ ದಣಿದಿದ್ದೇನೆ, ಕುಳಿತು ದಣಿದದ್ದು ಅದೊಂದು ದಿನ.

ಹೊತ್ತು ಮುಳುಗಿತು. ಹಲಗಿ ಬಾರಿಸುವ ಸದ್ದು ಕೇಳಿಸಿತು. ಹೊಲಗಳಿಂದ ಜನ, ದನ ಊರ ಕಡೆ ತಿರುಗಿ ದಾರಿಯಲ್ಲೆಲ್ಲ ಧೂಳೆದ್ದಿತು. ಆಗ ನನ್ನ ಬೆನ್ನ ಹಿಂದೆ, ಬಯಲಿನ ಒಳಗಿನಿಂದ, ಹೆಜ್ಜೆ ಸದ್ದು. ತಿರುಗಿ ನೋಡಿದೆ. ಮಬ್ಬಿನಲ್ಲಿ ಹಿತ್ತಲಿನಿಂದ ಹೊರಬಿದ್ದು, ಗುಡ್ಡ ಸುತ್ತಿ, ಮೇಲಿನ ಕಡೆ ಬೇಲಿ ನುಸುಳಿ ಆ ಓಣಿಯವರು ಇಳಿದು ಬರುತ್ತಿದ್ದರು. ತಲೆಯ ಮೇಲೆ ಬುತ್ತಿಯ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ಬರಿ ಕೊಡ. ಬೆವರಿಗೆ ಸೀರೆಗಳು ಮೈಗೆ ಅಂಟಿದ್ದವು. ದಿನವೆಲ್ಲ ಗುಡ್ಡದಲ್ಲಿ ಕುಳಿತು ಎದ್ದವರಂತೆ ನಡೆದು, ತೆರೆದ ಗೇಟಿನಿಂದ ಒಬ್ಬೊಬ್ಬರಾಗಿ ಹೊರಗೆ ಬಂದರು.

ಗೇಟಿನ ಮುಂದೆ ಆ ದೊಡ್ಡ ರೈತನ ಟ್ರ್ಯಾಕ್ಟರು ಹಾದು ಹೋಗುತ್ತಿತ್ತು. ಹಿಂದೆ ಊರ ಹಿರಿಯರೂ ಇದ್ದರು. ಫಕೀರವ್ವ ನನ್ನೆದುರು ನಿಂತು, ಅವರೆಲ್ಲರಿಗೂ ಕೇಳುವಂತೆ ದನಿ ಎತ್ತಿದಳು.

‘ಭಾಳ ಛಲೋ ಆತ್ರಿ ಸಾಹೇಬ್ರ. ಹೊತ್ತಿಡೀ ತಂಪ ಕುಂತ್ವಿ. ಎಂಥಾ ನೆರಳರಿ ನಿಮ್ಮ ಗುಡ್ಡದಾಗ!’

ಟ್ರ್ಯಾಕ್ಟರಿನ ಮೇಲಿನವರು ನನ್ನ ಕಡೆ ನೋಡಿದರು. ಅವಳೂ ನೋಡಿದಳು, ರೆಪ್ಪೆ ಅಲುಗಿಸದೆ.

‘ಹೌದವಾ,’ ಎಂದೆ. ‘ಭಾಳ ನೆರಳೈತಿ.’